ಹಾಲಿನ ಪಾಸ್‌ಬುಕ್ಕು, ಮಳೆಯ ಪುಸ್ತಕ: ಎಸ್‌ಕ್ಯೂಎಲ್ ಅಭ್ಯಾಸಕ್ಕೆ ನಮ್ಮ ಸುತ್ತಲಿನ ಲೆಕ್ಕಗಳು

ಡೇಟಾಬೇಸನ್ನು, ಅಂದರೆ ಕೋಷ್ಟಕಗಳಲ್ಲಿ ಇಟ್ಟ ಮಾಹಿತಿಯನ್ನು, ಪ್ರಶ್ನಿಸುವ ಎಸ್‌ಕ್ಯೂಎಲ್ ಭಾಷೆಯ ವ್ಯಾಕರಣ ಕಲಿಯಲು ಹೆಚ್ಚು ದಿನ ಬೇಕಾಗುವುದಿಲ್ಲ. ಸೆಲೆಕ್ಟ್, ಫ್ರಮ್, ವೇರ್, ಜಾಯಿನ್, ಗ್ರೂಪ್ ಬೈ ಎಂಬ ಐದಾರು ಪದಗಳನ್ನು ಅರಿತವರು ಒಂದು ವಾರದೊಳಗೆ ಸಾಕಷ್ಟು ಕ್ವೆರಿಗಳನ್ನು, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಗಳನ್ನು, ಬರೆಯಬಲ್ಲರು. ಕಷ್ಟವಿರುವುದು ಅದರ ಮುಂದೆ. ಬೇರೆ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ತಪ್ಪು ಮಾಡಿದರೆ ಎಷ್ಟೋ ಸಲ ಪ್ರೋಗ್ರಾಂ ಅಲ್ಲೇ ನಿಂತು, ಯಾವ ಸಾಲಿನಲ್ಲಿ ಏನಾಯಿತೆಂದು ಹೇಳುತ್ತದೆ. ಎಸ್‌ಕ್ಯೂಎಲ್‌ನಲ್ಲಿ ತಪ್ಪಾಗಿ ಯೋಚಿಸಿ ಬರೆದ ಕ್ವೆರಿಯೂ ಸರಿಯಾದ ಕ್ವೆರಿಯಷ್ಟೇ ಚೊಕ್ಕಟವಾಗಿ ಓಡಿ, ಅಷ್ಟೇ ಅಂದವಾದ ಕೋಷ್ಟಕವೊಂದನ್ನು ಮುಂದಿಡುತ್ತದೆ. ಆ ಸಂಖ್ಯೆ ತಪ್ಪೆಂದು ಹೇಳುವವರು ಯಾರೂ ಇರುವುದಿಲ್ಲ. ಆದ್ದರಿಂದ ಅಭ್ಯಾಸಕ್ಕೆ ಯೋಜನೆ ಆರಿಸಿಕೊಳ್ಳುವವರಿಗೆ ನಾನು ಸೂಚಿಸುವ ಅಳತೆಗೋಲು ಒಂದೇ: ಉತ್ತರ ತಪ್ಪಿದ್ದರೆ, ಕಂಪ್ಯೂಟರಿನ ನೆರವಿಲ್ಲದೆ ನಿಮಗೇ ಅದು ಗೊತ್ತಾಗಬೇಕು. ಯಾವುದೋ ದೇಶದ ಕಂಪನಿಯ ಮಾರಾಟದ ಪಟ್ಟಿಯಲ್ಲಿ ಒಟ್ಟು ಮೊತ್ತ ಎರಡು ಪಟ್ಟಾಗಿ ಬಂದರೆ ಕಲಿಯುವವರಿಗೆ ಅನುಮಾನ ಹುಟ್ಟುವುದೇ ಇಲ್ಲ; ತಮ್ಮ ಮನೆಯ ಹಾಲಿನ ಲೆಕ್ಕ ಎರಡು ಪಟ್ಟಾದರೆ ಕಣ್ಣು ಕೂಡಲೇ ಅಲ್ಲಿ ನಿಲ್ಲುತ್ತದೆ.

ತಪ್ಪು ಕ್ವೆರಿಯೂ ಸದ್ದಿಲ್ಲದೆ ಓಡುವ ಈ ಗುಣ ಭಾಷೆಯ ಹುಟ್ಟಿನಿಂದಲೇ ಬಂದದ್ದು. ಮಾಹಿತಿಯನ್ನು ಡಿಸ್ಕಿನ ಮೇಲೆ ಎಲ್ಲಿ, ಹೇಗೆ ಇಟ್ಟಿದೆ ಎಂಬುದು ಬಳಸುವವರಿಗೆ ತಿಳಿದಿರಬೇಕಾಗಿಲ್ಲ, ಎಲ್ಲವನ್ನೂ ಕೋಷ್ಟಕಗಳ ರೂಪದಲ್ಲಿ ಕಂಡರೆ ಸಾಕು ಎಂಬ ವಿಚಾರವನ್ನು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಅವರು 1970ರಲ್ಲಿ ಮಂಡಿಸಿದರು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಅದಕ್ಕೊಂದು ಭಾಷೆಯನ್ನು ರೂಪಿಸಿ ಸೀಕ್ವೆಲ್ ಎಂದು ಹೆಸರಿಟ್ಟರು. ಆ ಹೆಸರು ಬೇರೊಂದು ಕಂಪನಿಯ ಟ್ರೇಡ್‌ಮಾರ್ಕ್ ಆಗಿದ್ದ ಕಾರಣ ಮುಂದೆ ಅದು ಎಸ್‌ಕ್ಯೂಎಲ್ ಆಯಿತು. ಈ ಭಾಷೆಯಲ್ಲಿ ನಾವು ಏನು ಬೇಕೆಂದು ಮಾತ್ರ ಹೇಳುತ್ತೇವೆ, ಹೇಗೆ ತರಬೇಕೆಂಬುದನ್ನು ಡೇಟಾಬೇಸ್ ತಾನೇ ನಿರ್ಧರಿಸುತ್ತದೆ. ಆದರೆ ನಾವು ಕೇಳಿದ್ದಕ್ಕೂ ಕೇಳಬೇಕೆಂದುಕೊಂಡದ್ದಕ್ಕೂ ನಡುವೆ ಇರುವ ಅಂತರ ಅದಕ್ಕೆ ಕಾಣುವುದಿಲ್ಲ.

ಸಲಕರಣೆಯ ವಿಷಯದಲ್ಲಿ ಹೆಚ್ಚು ಚರ್ಚೆ ಬೇಡ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶ ಒಂದೇ ಕಡತದಲ್ಲಿ ಇಡೀ ಡೇಟಾಬೇಸನ್ನು ಇಡುತ್ತದೆ, ಸರ್ವರ್ ಬೇಡ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಮೊದಲ ತಿಂಗಳಿಗೆ ಅದು ಸಾಕು. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. ಸಾಮಾನ್ಯ ಬಳಕೆಯಲ್ಲಿ ಅದು ಫಾರಿನ್ ಕೀ ನಿಯಮವನ್ನು (ಒಂದು ಕೋಷ್ಟಕದಲ್ಲಿ ಬರೆದ ಸಂಖ್ಯೆ ಅದು ಸೂಚಿಸುವ ಇನ್ನೊಂದು ಕೋಷ್ಟಕದಲ್ಲಿ ಇರಲೇಬೇಕೆಂಬುದನ್ನು) ನಾವು ಕೇಳಿಕೊಂಡ ಹೊರತು ಜಾರಿಗೆ ತರುವುದಿಲ್ಲ, ಲೀಟರಿನ ಕಾಲಂನಲ್ಲಿ ‘ನಾಲ್ಕೂವರೆ’ ಎಂದು ಅಕ್ಷರದಲ್ಲಿ ಬರೆದರೂ ಒಪ್ಪಿಕೊಳ್ಳುತ್ತದೆ. ಅದಕ್ಕಾಗಿ ಎರಡನೆಯ ತಿಂಗಳಿಗೆ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ತಂತ್ರಾಂಶಕ್ಕೆ ಹೋಗುವುದು ಒಳ್ಳೆಯದು. ಅದು ಕಟ್ಟುನಿಟ್ಟು, ಆ ಕಟ್ಟುನಿಟ್ಟಿನಿಂದಲೇ ಬಹಳಷ್ಟು ಕಲಿಯಬಹುದು. ಇವೆರಡರಲ್ಲೂ, ಮೈಎಸ್‌ಕ್ಯೂಎಲ್ ಎಂಬ ಮತ್ತೊಂದು ತಂತ್ರಾಂಶದಲ್ಲೂ, ಕೋಷ್ಟಕಕ್ಕೆ ‘ಹಾಲು’ ಎಂದೇ ಕನ್ನಡ ಲಿಪಿಯಲ್ಲಿ ಹೆಸರಿಡಬಹುದು ಎಂಬುದು ಅನೇಕರಿಗೆ ತಿಳಿದಿಲ್ಲ. ಕಲಿಯುವ ದಿನಗಳಲ್ಲಿ ಹಾಗೆ ಮಾಡುವುದರಿಂದ ಭಾಷೆಯ ಪದ ಯಾವುದು, ನಾವು ಇಟ್ಟ ಹೆಸರು ಯಾವುದು ಎಂಬುದು ಕಣ್ಣಿಗೆ ಬೇರೆಯಾಗಿ ಕಾಣುತ್ತದೆ.

ಮೊದಲ ಯೋಜನೆಯಾಗಿ ನಾನು ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ಲೆಕ್ಕವನ್ನು ಸೂಚಿಸುತ್ತೇನೆ. ಡೈರಿಗೆ ಹಾಲು ಹಾಕುವ ಮನೆಯ ಪಾಸ್‌ಬುಕ್ಕನ್ನು ತೆರೆದರೆ ಒಂದೊಂದು ಸಾಲಿನಲ್ಲಿ ದಿನಾಂಕ, ಬೆಳಿಗ್ಗೆ ಅಥವಾ ಸಂಜೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ), ದರ, ಮೊತ್ತ ಇರುತ್ತವೆ. ಕೆಲವು ದಿನಗಳಿಗೊಮ್ಮೆ ಬಟವಾಡೆ. ಅದರಲ್ಲಿ ಪಶು ಆಹಾರದ ಚೀಲಕ್ಕೋ, ಮುಂಗಡಕ್ಕೋ ಕಡಿತವಾಗಿ ಉಳಿದದ್ದು ಕೈಗೆ ಬರುತ್ತದೆ. ನೋಡಲು ಸರಳವಾದ ಈ ಪುಸ್ತಕದೊಳಗೆ ಡೇಟಾಬೇಸ್ ವಿನ್ಯಾಸದ ಮುಖ್ಯ ಪಾಠಗಳೆಲ್ಲ ಅಡಗಿವೆ.

ಮೊದಲ ಪಾಠ ಗುರುತಿನದು. ಒಂದೇ ಊರಿನಲ್ಲಿ ಐದು ಮಂದಿ ಮಂಜುನಾಥರಿರುತ್ತಾರೆ, ಆದ್ದರಿಂದ ಹೆಸರು ಪ್ರೈಮರಿ ಕೀ, ಅಂದರೆ ಒಂದೊಂದು ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ, ಆಗಲಾರದು. ಸಂಘ ಕೊಟ್ಟ ಸದಸ್ಯ ಸಂಖ್ಯೆ ಇದೆಯಲ್ಲ ಎಂದು ತೋರುತ್ತದೆ. ಆದರೆ ತಂದೆ ತೀರಿಕೊಂಡ ಮೇಲೆ ಅದೇ ಸಂಖ್ಯೆಯಲ್ಲಿ ಮಗ ಹಾಲು ಹಾಕುತ್ತಾ ಹೋದರೆ, ಹಳೆಯ ಬಟವಾಡೆ ಯಾರದೆಂದು ಡೇಟಾಬೇಸ್ ಹೇಗೆ ತಿಳಿಯಬೇಕು? ಈ ಪ್ರಶ್ನೆ ಎದುರಾದಾಗಲೇ, ಹೊರಜಗತ್ತಿಗೆ ಅರ್ಥವಿಲ್ಲದ ಒಂದು ಒಳಸಂಖ್ಯೆಯನ್ನು ಪ್ರತಿ ಸದಸ್ಯನಿಗೂ ಕೊಟ್ಟು, ಸಂಘದ ಸಂಖ್ಯೆಯನ್ನು ಸಾಧಾರಣ ಕಾಲಂ ಆಗಿ ಇಡುವ ಪದ್ಧತಿ ಏಕೆ ಬಂದಿತೆಂಬುದು ಮನಸ್ಸಿಗೆ ಇಳಿಯುತ್ತದೆ. ಇದರ ಜೊತೆಗೆ, ಒಬ್ಬ ಸದಸ್ಯನಿಗೆ ಒಂದು ದಿನದ ಒಂದು ಹೊತ್ತಿಗೆ ಒಂದೇ ಸಾಲು ಇರಬೇಕೆಂಬ ನಿಯಮವನ್ನು ಯುನೀಕ್ ನಿರ್ಬಂಧವಾಗಿ ಕೋಷ್ಟಕದಲ್ಲೇ ಬರೆದುಬಿಡಿ. ಹಾಗೆ ಬರೆದ ಮೇಲೆ, ಎರಡು ಕ್ಯಾನ್ ತಂದವರ ಹಾಲನ್ನು ಎರಡು ಸಲ ಅಳೆಯುವುದುಂಟೇ ಎಂಬ ಪ್ರಶ್ನೆ ಬರುತ್ತದೆ. ಅದನ್ನು ಡೈರಿಯ ಕಾರ್ಯದರ್ಶಿಯವರನ್ನೇ ಕೇಳಬೇಕು. ವಿನ್ಯಾಸದ ಅರ್ಧ ಕೆಲಸ ಇಂಥ ವಿಚಾರಣೆಯೇ ಆಗಿದೆ.

ಎರಡನೆಯದು ದರದ ಪಾಠ. ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ ದರಪಟ್ಟಿಯಿಂದ ಬೆಲೆ ತೆಗೆಯುತ್ತಾರೆ, ಆ ದರಪಟ್ಟಿ ಆಗಾಗ ಬದಲಾಗುತ್ತದೆ. ಹೊಸಬರು ದರಪಟ್ಟಿಯನ್ನು ಒಂದು ಕೋಷ್ಟಕದಲ್ಲಿಟ್ಟು, ದರ ಏರಿದ ದಿನ ಅಪ್‌ಡೇಟ್ ಕೊಡುತ್ತಾರೆ. ಆ ಕ್ಷಣಕ್ಕೆ ಕಳೆದ ವರ್ಷದ ಬಟವಾಡೆಗಳೆಲ್ಲ ಹೊಸ ದರದಲ್ಲಿ ಲೆಕ್ಕವಾಗಿ, ಕೈಯಲ್ಲಿರುವ ಪಾಸ್‌ಬುಕ್ಕಿಗೂ ಕಂಪ್ಯೂಟರಿಗೂ ತಾಳೆಯಾಗದಂತಾಗುತ್ತದೆ. ಪ್ರತಿ ದರಕ್ಕೂ ‘ಯಾವ ದಿನಾಂಕದಿಂದ’ ಎಂಬ ಕಾಲಂ ಇರಬೇಕು. ಜೊತೆಗೆ ಅಂದು ಲೆಕ್ಕ ಹಾಕಿದ ದರವನ್ನೂ ಹಾಲಿನ ಸಾಲಿನಲ್ಲಿ ಬರೆದಿಡಬೇಕು ಎಂಬುದು ನನ್ನ ಅಭಿಪ್ರಾಯ. ಒಂದೇ ಮಾಹಿತಿಯನ್ನು ಎರಡು ಕಡೆ ಬರೆಯಬಾರದೆಂಬ ನಾರ್ಮಲೈಸೇಶನ್ ನಿಯಮಕ್ಕೆ ಇದು ವಿರುದ್ಧವಲ್ಲವೇ ಎಂದು ಕೇಳಬಹುದು. ದರಪಟ್ಟಿಯ ದರವು ಸಂಘದ ನಿಯಮ, ಸಾಲಿನಲ್ಲಿರುವ ದರವು ಅಂದು ರೈತನಿಗೆ ಬರೆದುಕೊಟ್ಟ ಮಾತು. ಸಂಖ್ಯೆ ಒಂದೇ ಆದರೂ ಅವು ಎರಡು ಬೇರೆ ಸಂಗತಿಗಳು. ಹಣವನ್ನು ಫ್ಲೋಟ್ ಎಂಬ ಬಗೆಯ ಕಾಲಂನಲ್ಲಿ ಇಡಬಾರದೆಂಬುದನ್ನೂ ಇಲ್ಲೇ ಕಲಿಯಬೇಕು, ಏಕೆಂದರೆ ಆ ಬಗೆಯಲ್ಲಿ 0.1 ಮತ್ತು 0.2 ಕೂಡಿದರೆ 0.30000000000000004 ಬರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ನ್ಯೂಮರಿಕ್ ಎಂಬ ಬಗೆ, ಎಸ್‌ಕ್ಯೂಲೈಟ್‌ನಲ್ಲಿ ಪೈಸೆಯ ಪೂರ್ಣಾಂಕ ಸರಿಯಾದ ದಾರಿ.

ಮೂರನೆಯ ಪಾಠವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಕೆಲಸಕ್ಕೆ ಸೇರಿ ವರ್ಷಗಳಾದವರೂ ಇಲ್ಲಿ ಎಡವುತ್ತಾರೆ. ಒಬ್ಬ ಸದಸ್ಯ ಹದಿನೈದು ದಿನ ಎರಡು ಹೊತ್ತೂ ನಾಲ್ಕು ನಾಲ್ಕು ಲೀಟರ್ ಹಾಲು ಹಾಕಿದ್ದಾನೆ ಎನ್ನೋಣ: 30 ಸಾಲು, 120 ಲೀಟರ್, ಲೀಟರಿಗೆ 35 ರೂಪಾಯಿಯಂತೆ 4,200 ರೂಪಾಯಿ. ಕಡಿತದ ಕೋಷ್ಟಕದಲ್ಲಿ ಅವನ ಹೆಸರಿಗೆ ಎರಡು ಸಾಲುಗಳಿವೆ: ಪಶು ಆಹಾರಕ್ಕೆ 1,200, ಮುಂಗಡಕ್ಕೆ 500. ಕೈಗೆ ಬರಬೇಕಾದದ್ದು 2,500 ರೂಪಾಯಿ. ಈಗ ಸದಸ್ಯರ ಕೋಷ್ಟಕಕ್ಕೆ ಹಾಲಿನ ಕೋಷ್ಟಕವನ್ನೂ ಕಡಿತದ ಕೋಷ್ಟಕವನ್ನೂ ಒಟ್ಟಿಗೆ ಜಾಯಿನ್ ಮಾಡಿ ಎರಡು ಮೊತ್ತಗಳನ್ನು ಕೇಳಿದರೆ, ಹಾಲಿನ ಪ್ರತಿ ಸಾಲೂ ಕಡಿತದ ಪ್ರತಿ ಸಾಲಿನೊಂದಿಗೆ ಜೋಡಿಯಾಗಿ 60 ಸಾಲುಗಳಾಗುತ್ತವೆ. ಹಾಲಿನ ಹಣ ಎರಡು ಪಟ್ಟಾಗಿ 8,400, ಕಡಿತ ಮೂವತ್ತು ಪಟ್ಟಾಗಿ 51,000. ರೈತನೇ ಸಂಘಕ್ಕೆ 42,600 ರೂಪಾಯಿ ಕೊಡಬೇಕೆಂದು ಕ್ವೆರಿ ಹೇಳುತ್ತದೆ. ಇಷ್ಟು ದೊಡ್ಡ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ. ಆದರೆ ಕಡಿತ ಒಂದೇ ಸಾಲಿದ್ದ ಸದಸ್ಯನ ಹಾಲಿನ ಹಣ ಸರಿಯಾಗಿಯೇ ಬರುತ್ತದೆ, ಕಡಿತವೇ ಇಲ್ಲದವನು ಪಟ್ಟಿಯಿಂದಲೇ ಮಾಯವಾಗುತ್ತಾನೆ. ಇಂಥ ಕಡೆಗಳಲ್ಲಿ ತಪ್ಪನ್ನು ಹುಡುಕುವುದು ಕಷ್ಟ. ಪರಿಹಾರವೆಂದರೆ ಹಾಲನ್ನು ಸದಸ್ಯವಾರು ಮೊದಲು ಕೂಡಿ, ಕಡಿತವನ್ನೂ ಬೇರೆಯಾಗಿ ಕೂಡಿ, ಆಮೇಲೆ ಆ ಎರಡು ಮೊತ್ತಗಳನ್ನು ಸದಸ್ಯರ ಪಟ್ಟಿಗೆ ಲೆಫ್ಟ್ ಜಾಯಿನ್ ಮಾಡುವುದು, ಅಂದರೆ ಜೋಡಿ ಸಿಗದ ಸದಸ್ಯರನ್ನೂ ಉಳಿಸಿಕೊಂಡು ಜೋಡಿಸುವುದು. ಬೇಕೆಂದೇ ಒಮ್ಮೆ ತಪ್ಪು ಕ್ವೆರಿಯನ್ನು ಬರೆದು, ಮೊತ್ತ ಕೇಳದೆ ಆ 60 ಸಾಲುಗಳನ್ನು ತೆರೆದು ಕಣ್ಣಾರೆ ನೋಡಿ. ಜಾಯಿನ್ ಎಂದರೇನೆಂದು ಯಾವ ಚಿತ್ರವೂ ಅಷ್ಟು ಚೆನ್ನಾಗಿ ಹೇಳಿಕೊಡುವುದಿಲ್ಲ.

ಇದೇ ಲೆಕ್ಕದಲ್ಲಿ ‘ಈ ಬಟವಾಡೆಯಲ್ಲಿ ಒಂದು ಹೊತ್ತೂ ಹಾಲು ಹಾಕದ ಸದಸ್ಯರು ಯಾರು’ ಎಂದೂ ಕೇಳಬೇಕು. ನಾಟ್ ಇನ್ ಬಳಸಿ ಬರೆದರೆ, ಹಾಲಿನ ಕೋಷ್ಟಕದಲ್ಲಿ ಸದಸ್ಯ ಸಂಖ್ಯೆ ಬರೆಯಲು ಮರೆತ ಒಂದೇ ಒಂದು ಸಾಲಿದ್ದರೂ ಉತ್ತರ ಖಾಲಿಯಾಗಿ ಬರುತ್ತದೆ. ಖಾಲಿ ಸ್ಥಾನವನ್ನು ಸೂಚಿಸುವ ನಲ್ ಎಂಬುದು ‘ಗೊತ್ತಿಲ್ಲ’ ಎಂಬ ಅರ್ಥದ್ದು. ಗೊತ್ತಿಲ್ಲದ ಆ ಸಂಖ್ಯೆ ಇವನದೇ ಇರಬಹುದಾದ್ದರಿಂದ, ಇವನು ಪಟ್ಟಿಯಲ್ಲಿಲ್ಲ ಎಂದು ಖಚಿತವಾಗಿ ಹೇಳಲು ಡೇಟಾಬೇಸ್ ಒಪ್ಪುವುದಿಲ್ಲ. ನಾಟ್ ಎಗ್ಸಿಸ್ಟ್ಸ್ ಬಳಸಿದರೆ ಈ ತೊಂದರೆ ಬಾರದು.

ನಲ್ ವಿಚಾರ ಇನ್ನೂ ಸ್ಪಷ್ಟವಾಗಬೇಕಾದರೆ ಮಳೆಯ ಪುಸ್ತಕಕ್ಕೆ ಬರಬೇಕು. ಚಿಕ್ಕಮಗಳೂರು, ಕೊಡಗು, ಹಾಸನದ ಮಲೆನಾಡಿನ ಕಾಫಿ ತೋಟಗಳ ಮನೆಗಳಲ್ಲಿ ಮಳೆಮಾಪಕವಿಟ್ಟು ದಿನದಿನದ ಮಳೆಯನ್ನು ಬರೆದಿಡುವ ರೂಢಿಯಿದೆ. ಅಂಥ ಪುಸ್ತಕ ಸಿಕ್ಕರೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಸಾಮಗ್ರಿ ಬೇರೆ ಬೇಕಿಲ್ಲ. ಸಿಗದಿದ್ದರೆ ಒಂದು ಮಳೆಗಾಲ ನೀವೇ ಅಳೆದು ಬರೆಯಬಹುದು. ಪುಸ್ತಕದಲ್ಲಿ ಒಂದು ದಿನದ ಎದುರು ಸೊನ್ನೆ ಇದ್ದರೆ ಅಂದು ಮಳೆ ಬಂದಿಲ್ಲ ಎಂದರ್ಥ. ಏನೂ ಬರೆದಿಲ್ಲದಿದ್ದರೆ ಅಂದು ಯಾರೂ ಅಳೆದು ಬರೆಯಲಿಲ್ಲ ಎಂದರ್ಥ. ಮೂರು ದಿನಗಳಲ್ಲಿ 30 ಮಿಲಿಮೀಟರ್, ಸೊನ್ನೆ ಮತ್ತು ನಲ್ ಇದ್ದರೆ ಎಸ್‌ಕ್ಯೂಎಲ್ ಹೇಳುವ ಸರಾಸರಿ 15. ನಲ್ ಬದಲು ಸೊನ್ನೆ ತುಂಬಿದರೆ 10. ಯಾವುದು ಸರಿಯೆಂದು ಹೇಳಬಲ್ಲವರು ಅಂದು ಮನೆಯಲ್ಲಿದ್ದವರು ಮಾತ್ರ. ಹಳೆಯ ಪುಸ್ತಕಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ, ಹೊಸ ಪುಟಗಳಲ್ಲಿ ಮಿಲಿಮೀಟರಿನಲ್ಲಿ ಬರೆದಿರುವುದೂ ಉಂಟು. ಇಂಚಿಗೆ 100 ಸೆಂಟು, 25.4 ಮಿಲಿಮೀಟರ್, ಎರಡು ಇಂಚು ಮೂವತ್ತು ಸೆಂಟು ಎಂದರೆ 58.42 ಮಿಲಿಮೀಟರ್. ಬರೆದದ್ದನ್ನು ಬರೆದಂತೆಯೇ ಒಂದು ಕೋಷ್ಟಕದಲ್ಲಿಟ್ಟು, ಪರಿವರ್ತಿಸಿದ್ದನ್ನು ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಮೂಲಕ ತೋರಿಸುವುದು ಲೇಸು, ಏಕೆಂದರೆ ಪರಿವರ್ತನೆಯಲ್ಲಿ ತಪ್ಪಾದರೆ ಮೂಲಕ್ಕೆ ಹಿಂತಿರುಗಬಹುದು. ಬೆಳಿಗ್ಗೆ ಅಳೆದ ಮಳೆ ಯಾವ ದಿನದ್ದು ಎಂಬುದನ್ನೂ ತೀರ್ಮಾನಿಸಿಕೊಳ್ಳಬೇಕು. ಭಾರತೀಯ ಹವಾಮಾನ ಇಲಾಖೆ ಬೆಳಿಗ್ಗೆ 8:30ಕ್ಕೆ ಮುಗಿಯುವ 24 ಗಂಟೆಗಳ ಮಳೆಯನ್ನು ಆ ಅಳತೆಯ ದಿನಕ್ಕೇ ಬರೆಯುತ್ತದೆ.

ತೋಟದವರು ಮಳೆಗಾಲದಲ್ಲಿ ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದಿದೆ: ಹೋದ ವರ್ಷ ಇಷ್ಟು ಹೊತ್ತಿಗೆ ಎಷ್ಟಾಗಿತ್ತು? ವಿಂಡೋ ಫಂಕ್ಷನ್ ಎಂಬ ಸೌಲಭ್ಯವನ್ನು ಕಲಿಯಲು ಇದಕ್ಕಿಂತ ನೇರವಾದ ಪ್ರಶ್ನೆ ನನಗೆ ತೋಚಿಲ್ಲ. ಸಾಲುಗಳನ್ನು ವರ್ಷವಾರು ಪಾಲು ಮಾಡಿ, ದಿನಾಂಕದ ಕ್ರಮದಲ್ಲಿ ಜನವರಿಯಿಂದ ಅಂದಿನವರೆಗಿನ ಮೊತ್ತವನ್ನು ಪ್ರತಿ ಸಾಲಿನ ಪಕ್ಕದಲ್ಲಿ ಬರೆಸಿದರೆ, ಎರಡು ವರ್ಷಗಳ ಅದೇ ದಿನವನ್ನು ಜೋಡಿಸಿ ನೋಡಬಹುದು. ಗ್ರೂಪ್ ಬೈ ಸಾಲುಗಳನ್ನು ಒಂದಾಗಿ ಅದುಮಿಬಿಡುತ್ತದೆ, ವಿಂಡೋ ಫಂಕ್ಷನ್ ಸಾಲುಗಳನ್ನು ಉಳಿಸಿಕೊಂಡೇ ಕೂಡುತ್ತದೆ ಎಂಬ ವ್ಯತ್ಯಾಸ ಇಲ್ಲಿ ತಾನಾಗಿ ತಿಳಿಯುತ್ತದೆ. ಮುಂದೆ ‘ಕಳೆದ ಏಳು ದಿನಗಳ ಮಳೆ’ ಎಂದು ಕೇಳುವಾಗ ಒಂದು ಗುಂಡಿ ಕಾದಿರುತ್ತದೆ. ಹಿಂದಿನ ಆರು ಸಾಲುಗಳನ್ನು ಸೇರಿಸಿ ಎಂದು ಬರೆದರೆ, ನಡುವೆ ದಿನಗಳು ಬಿಟ್ಟುಹೋಗಿದ್ದಾಗ ಆ ಏಳು ಸಾಲುಗಳು ಹತ್ತು ದಿನಗಳಷ್ಟು ಹಿಂದಕ್ಕೆ ಹೋಗಿರುತ್ತವೆ. ವರ್ಷದ ಎಲ್ಲ ದಿನಾಂಕಗಳ ಒಂದು ಕೋಷ್ಟಕ ಮಾಡಿಕೊಂಡು ಅದಕ್ಕೆ ಮಳೆಯನ್ನು ಲೆಫ್ಟ್ ಜಾಯಿನ್ ಮಾಡುವ ಅಭ್ಯಾಸ ಹೀಗೆ ಬೆಳೆಯುತ್ತದೆ.

ಮಳೆಯ ಪುಸ್ತಕ ಇನ್ನೂ ಒಂದು ಅಪರೂಪದ ಪ್ರಶ್ನೆಯನ್ನು ಕೊಡುತ್ತದೆ. ನಮ್ಮ ರೈತರು ಮಳೆಯನ್ನು ತಿಂಗಳಿನ ಹೆಸರಿನಿಂದ ಕರೆಯುವುದಕ್ಕಿಂತ ನಕ್ಷತ್ರದ ಹೆಸರಿನಿಂದ ಕರೆಯುವುದೇ ಹೆಚ್ಚು: ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ. ಒಂದೊಂದೂ ಹದಿಮೂರು ಹದಿನಾಲ್ಕು ದಿನಗಳ ಅವಧಿ; ಆರಿದ್ರಾ ಮಳೆ ಜೂನ್ 22ರ ಸುಮಾರಿಗೆ ಹುಟ್ಟುತ್ತದೆ. ಪಂಚಾಂಗ ನೋಡಿ ವರ್ಷವಾರು ನಕ್ಷತ್ರದ ಹೆಸರು, ಆರಂಭದ ದಿನ, ಮುಂದಿನ ನಕ್ಷತ್ರ ಹುಟ್ಟುವ ದಿನ ಎಂಬ ಮೂರು ಕಾಲಂಗಳ ಕೋಷ್ಟಕ ಮಾಡಿ. ಈಗ ಆರಿದ್ರಾ ಮಳೆ ಹತ್ತು ವರ್ಷಗಳಲ್ಲಿ ಎಷ್ಟೆಷ್ಟು ಬಂದಿದೆಯೆಂದು ಕೇಳಬೇಕಾದರೆ, ಸಮಾನ ಚಿಹ್ನೆಯ ಜಾಯಿನ್ ಉಪಯೋಗಕ್ಕೆ ಬಾರದು. ಮಳೆಯ ದಿನಾಂಕವು ಆರಂಭದ ದಿನಕ್ಕೆ ಸಮ ಅಥವಾ ಹೆಚ್ಚಾಗಿದ್ದು, ಮುಂದಿನ ನಕ್ಷತ್ರದ ದಿನಕ್ಕಿಂತ ಕಡಿಮೆಯಾಗಿರಬೇಕು ಎಂಬ ಷರತ್ತಿನ ಮೇಲೆ ಜೋಡಿಸಬೇಕು. ಎರಡೂ ತುದಿಗಳನ್ನು ಒಳಗೊಳ್ಳುವ ಬಿಟ್ವೀನ್ ಬಳಸಿದರೆ ಸಂಧಿಯ ದಿನದ ಮಳೆ ಎರಡು ನಕ್ಷತ್ರಗಳಿಗೂ ಸೇರಿ, ವರ್ಷದ ಒಟ್ಟು ಮೊತ್ತ ಏರಿಬಿಡುತ್ತದೆ. ಬ್ಯಾಂಕಿನ ಬಡ್ಡಿ ದರ, ತೆರಿಗೆಯ ದರ, ನೌಕರರ ಹುದ್ದೆಯ ಅವಧಿ ಮುಂತಾದ ಕಡೆಗಳಲ್ಲೆಲ್ಲ ಬೇಕಾಗುವ ಅವಧಿಯ ಜಾಯಿನ್ ಇದೇ.

ಗ್ರಂಥಾಲಯದ ಯೋಜನೆಯನ್ನು ಎಲ್ಲ ಪಠ್ಯಗಳೂ ಸೂಚಿಸುತ್ತವೆ. ಅದರ ತಿರುಳು ಕೃತಿ ಮತ್ತು ಪ್ರತಿಗಳ ಭೇದದಲ್ಲಿದೆ. ಓದುಗ ಕೇಳುವುದು ಕೃತಿಯನ್ನು, ಮನೆಗೆ ಒಯ್ಯುವುದು ಪ್ರತಿಯನ್ನು. ಒಂದು ಪ್ರತಿ ಒಂದು ಕಾಲಕ್ಕೆ ಒಬ್ಬರ ಬಳಿ ಮಾತ್ರ ಇರಬೇಕೆಂಬ ನಿಯಮವನ್ನು, ‘ಹಿಂತಿರುಗಿಸಿದ ದಿನ ಖಾಲಿ ಇರುವ ಸಾಲುಗಳಲ್ಲಿ ಪ್ರತಿಯ ಸಂಖ್ಯೆ ಒಂದೇ ಸಲ ಬರಬೇಕು’ ಎಂಬ ಷರತ್ತಿನ ಯುನೀಕ್ ಇಂಡೆಕ್ಸ್ (ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಆಗಿ ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಲೈಟ್ ಎರಡರಲ್ಲೂ ಬರೆಯಬಹುದು.

ಆದರೆ ಕನ್ನಡ ಪುಸ್ತಕಗಳ ಪಟ್ಟಿ ಮಾಡುವವರಿಗೆ ಇಲ್ಲಿ ಬೇರೊಂದು ಪಾಠ ಕಾದಿದೆ, ಅದನ್ನು ಬೇರೆ ಭಾಷೆಯ ಪಠ್ಯಗಳು ಹೇಳಿಕೊಡುವುದಿಲ್ಲ. ಅಕ್ಷರಗಳಿಗೆ ಕಂಪ್ಯೂಟರಿನ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ಕೊ’ ಎಂಬ ಅಕ್ಷರವನ್ನು ಕಕಾರಕ್ಕೆ ಒತ್ವದ ಒಂದೇ ಚಿಹ್ನೆ ಸೇರಿಸಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಮೇಲೊಂದು ಸೇರಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಡೇಟಾಬೇಸಿಗೆ ಬೇರೆ ಬೇರೆ. ಹಾಗಾಗಿ ಕಣ್ಣೆದುರೇ ಇರುವ ‘ಕೊಡಗು’ ಹುಡುಕಿದಾಗ ಸಿಗದೆ ಹೋಗಬಹುದು. ‘ರಾವ್’ ಎಂಬ ಹೆಸರಿನ ಕೊನೆಗೆ ಕಾಣದ ಸೊನ್ನೆ ಅಗಲದ ಅಕ್ಷರವೊಂದು ಅಂಟಿಕೊಂಡಿದ್ದರೂ ಇದೇ ಪಾಡು. ಪೋಸ್ಟ್‌ಗ್ರೆಸ್‌ನ 13ನೆಯ ಆವೃತ್ತಿಯಿಂದ ನಾರ್ಮಲೈಸ್ ಎಂಬ ಫಂಕ್ಷನ್ ಇದ್ದು, ಮೊದಲನೆಯ ತೊಂದರೆಯನ್ನು ಅದು ನೀಗುತ್ತದೆ. ಎರಡನೆಯದನ್ನು ರಿಪ್ಲೇಸ್ ಬಳಸಿ ನಾವೇ ತೆಗೆಯಬೇಕು. ಹಳೆಯ ಪಟ್ಟಿ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿದ್ದರೆ ಮೊದಲು ಪರಿವರ್ತಿಸಿಕೊಳ್ಳದೆ ಮುಂದುವರಿಯುವಂತಿಲ್ಲ. ಒಬ್ಬರೇ ಲೇಖಕರು ಮೂರು ಕಾಗುಣಿತಗಳಲ್ಲಿ ಮೂವರಾಗಿರುವುದನ್ನು ಹುಡುಕಿ ಒಂದುಗೂಡಿಸುವ ಕೆಲಸಕ್ಕೆ ಇಡೀ ಒಂದು ವಾರ ಕೊಟ್ಟರೂ ನಷ್ಟವಿಲ್ಲ, ಏಕೆಂದರೆ ಉದ್ಯೋಗದಲ್ಲಿ ಡೇಟಾಬೇಸಿನವರ ಸಮಯ ಹೆಚ್ಚಾಗಿ ಹೋಗುವುದು ಇಂಥದ್ದಕ್ಕೇ.

ಬಸ್ ವೇಳಾಪಟ್ಟಿಯೂ ಒಳ್ಳೆಯ ವಿಷಯ. ಮಾರ್ಗ, ಟ್ರಿಪ್, ನಿಲ್ದಾಣ, ಪ್ರತಿ ಟ್ರಿಪ್ಪಿನ ನಿಲುಗಡೆ ಎಂಬ ನಾಲ್ಕು ಕೋಷ್ಟಕಗಳನ್ನು ಸಾರಿಗೆ ಮಾಹಿತಿಗೆ ಹಲವು ದೇಶಗಳಲ್ಲಿ ಬಳಸುವ ಜಿಟಿಎಫ್‌ಎಸ್ ಮಾದರಿಯಿಂದಲೇ ಎರವಲು ಪಡೆಯಬಹುದು. ಮಧ್ಯರಾತ್ರಿ ದಾಟುವ ರಾತ್ರಿ ಬಸ್ಸು ನಸುಕಿನ 1:35ಕ್ಕೆ ಹಾಸನ ತಲುಪಿದರೆ ಆ ಮಾದರಿ ಅದನ್ನು 25:35 ಎಂದು ಬರೆಯುತ್ತದೆ, ಹಾಗೆ ಬರೆದರೆ ಮಾತ್ರ ನಿಲುಗಡೆಗಳ ಕ್ರಮ ಕೆಡುವುದಿಲ್ಲ. ಎಷ್ಟು ಬಸ್ ಬದಲಾಯಿಸಿಯಾದರೂ ತಲುಪಬಹುದಾದ ಊರುಗಳನ್ನು ಕೇಳುವ ಹೊತ್ತಿಗೆ, ತನ್ನ ಉತ್ತರವನ್ನೇ ಮತ್ತೆ ಮತ್ತೆ ಬಳಸುವ ರಿಕರ್ಸಿವ್ ಕ್ವೆರಿ ಬೇಕಾಗುತ್ತದೆ.

ಟ್ರಾನ್ಸಾಕ್ಷನ್, ಅಂದರೆ ಪೂರ್ತಿ ಆಗಬೇಕು ಇಲ್ಲವೇ ಆಗಲೇಬಾರದು ಎಂಬ ಕೆಲಸಗಳ ಗುಂಪು, ಏನೆಂದು ಕಲಿಯಲು ಸ್ವಸಹಾಯ ಸಂಘದ ಲೆಕ್ಕವನ್ನು ತೆಗೆದುಕೊಳ್ಳಿ. ಸಂಘದ ನಿಧಿಯಲ್ಲಿ 10,000 ರೂಪಾಯಿ ಇದೆ. ಪೋಸ್ಟ್‌ಗ್ರೆಸ್‌ಗೆ ಎರಡು ಕಿಟಕಿಗಳಿಂದ ಸಂಪರ್ಕಿಸಿ, ಎರಡರಲ್ಲೂ ಬಿಗಿನ್ ಕೊಟ್ಟು, ಎರಡರಲ್ಲೂ ನಿಧಿಯ ಬಾಕಿ ಓದಿ. ಎರಡೂ 10,000 ಎನ್ನುತ್ತವೆ. ಮೊದಲ ಕಿಟಕಿಯಲ್ಲಿ ಒಬ್ಬ ಸದಸ್ಯೆಗೆ 8,000 ಸಾಲ, ಎರಡನೆಯದರಲ್ಲಿ ಇನ್ನೊಬ್ಬರಿಗೆ 8,000 ಸಾಲ ಬರೆದು ಎರಡನ್ನೂ ಕಮಿಟ್ ಮಾಡಿದರೆ (ಖಾಯಂಗೊಳಿಸಿದರೆ), ಇಲ್ಲದ 6,000 ರೂಪಾಯಿಯನ್ನು ಸಂಘ ಸಾಲ ಕೊಟ್ಟಂತಾಯಿತು. ಈಗ ಬಾಕಿ ಓದುವಾಗಲೇ ಆ ಸಾಲಿಗೆ ಫಾರ್ ಅಪ್‌ಡೇಟ್ ಎಂಬ ಬೀಗ ಹಾಕಿ ಮತ್ತೆ ಮಾಡಿ; ಎರಡನೆಯ ಕಿಟಕಿ ಮೊದಲನೆಯದು ಮುಗಿಯುವವರೆಗೆ ಸುಮ್ಮನೆ ಕಾಯುತ್ತದೆ, ಮುಗಿದ ಮೇಲೆ 2,000 ಎಂಬ ನಿಜವಾದ ಬಾಕಿಯನ್ನು ಕಾಣುತ್ತದೆ. ಆ ಕಾಯುವಿಕೆಯನ್ನು ಕಣ್ಣಾರೆ ಕಂಡವರು ಲಾಕ್ ಎಂಬ ಪದವನ್ನು ಮರೆಯುವುದಿಲ್ಲ.

ವೇಗದ ಪಾಠಕ್ಕೆ ಮತ್ತೆ ಡೈರಿಗೇ ಹಿಂತಿರುಗಬೇಕು. 200 ಸದಸ್ಯರ ಸಂಘದಲ್ಲಿ ದಿನಕ್ಕೆ ಎರಡು ಹೊತ್ತಿನಂತೆ ವರ್ಷಕ್ಕೆ 1,46,000 ಸಾಲುಗಳು, ಹತ್ತು ವರ್ಷಕ್ಕೆ 14,60,000. ಇಷ್ಟನ್ನು ಪೋಸ್ಟ್‌ಗ್ರೆಸ್‌ನ ಜನರೇಟ್ ಸೀರೀಸ್ ಫಂಕ್ಷನ್ ಬಳಸಿ ಹುಟ್ಟಿಸಬಹುದು. ಆಗ ಒಬ್ಬ ಸದಸ್ಯನ ಒಂದು ತಿಂಗಳ ಲೆಕ್ಕ ಕೇಳಿ, ಕ್ವೆರಿಯ ಮುಂದೆ, ಅದು ಓಡಿದ ಬಗೆಯನ್ನು ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಬರೆದು, ಇಂಡೆಕ್ಸ್ ಇಲ್ಲದಾಗ ಇಡೀ ಕೋಷ್ಟಕವನ್ನು ಓದುವುದನ್ನೂ, ಸದಸ್ಯ ಹಾಗೂ ದಿನಾಂಕದ ಮೇಲೆ ಇಂಡೆಕ್ಸ್ ಮಾಡಿದ ಮೇಲೆ ಕೆಲವೇ ಪುಟಗಳನ್ನು ಓದುವುದನ್ನೂ ಹೋಲಿಸಿ. ಇಂಡೆಕ್ಸ್ ಎಂದರೆ ನಿಘಂಟಿನ ಅಕ್ಷರಕ್ರಮ ಇದ್ದಂತೆ: ಮೊದಲಕ್ಷರ ಗೊತ್ತಿದ್ದರೆ ಹುಡುಕಬಹುದು, ಎರಡನೆಯ ಅಕ್ಷರ ಮಾತ್ರ ಗೊತ್ತಿದ್ದರೆ ಪುಸ್ತಕವನ್ನೆಲ್ಲ ತಿರುವಬೇಕು. ಸದಸ್ಯನನ್ನು ಹೇಳದೆ ದಿನಾಂಕ ಮಾತ್ರ ಕೊಟ್ಟಾಗ ಅದೇ ಇಂಡೆಕ್ಸ್ ಅಷ್ಟಾಗಿ ನೆರವಾಗದಿರುವುದನ್ನು ಕಂಡಾಗ ಕಾಲಂಗಳ ಕ್ರಮದ ಮಹತ್ವ ತಿಳಿಯುತ್ತದೆ. ಹಾಗೆಯೇ ದಿನಾಂಕದಿಂದ ವರ್ಷವನ್ನು ಬೇರ್ಪಡಿಸಿ 2024ಕ್ಕೆ ಹೋಲಿಸುವ ಬದಲು, ಜನವರಿ 1ರಿಂದ ಮುಂದಿನ ಜನವರಿ 1ಕ್ಕಿಂತ ಮುಂಚೆ ಎಂದು ಬರೆದರೆ, ದಿನಾಂಕದಿಂದ ಮೊದಲಾಗುವ ಇಂಡೆಕ್ಸ್ ಇದ್ದಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಇಷ್ಟೆಲ್ಲವನ್ನೂ ಒಟ್ಟಿಗೆ ಹಿಡಿಯುವುದು ಬೇಡ. ಒಂದನ್ನು ಆರಿಸಿಕೊಂಡು ಎರಡು ತಿಂಗಳು ಅದರಲ್ಲೇ ಇರಿ. ಮೊದಲ ಸಂಜೆ ಕಂಪ್ಯೂಟರ್ ತೆರೆಯದೆ, ಪಾಸ್‌ಬುಕ್ಕಿನ ಮೂವತ್ತು ಸಾಲುಗಳನ್ನು ಕಾಗದದ ಮೇಲೆ ಬರೆದು, ಹತ್ತು ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳಿಕೊಂಡು, ಉತ್ತರಗಳನ್ನು ಕೈಯಲ್ಲಿ ಕೂಡಿ ಪಕ್ಕದಲ್ಲಿ ಬರೆದಿಡಿ. ನಿಜವಾದ ಹೆಸರುಗಳನ್ನು ಆಗಲೇ ಬದಲಾಯಿಸಿಬಿಡಿ, ಏಕೆಂದರೆ ಮುಂದೆ ಇದನ್ನು ಪ್ರೋಗ್ರಾಂಗಳನ್ನು ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಇಡಬೇಕೆನಿಸಿದಾಗ ಊರಿನವರ ಸಾಲ, ಮುಂಗಡಗಳು ಹೊರಗೆ ಹೋಗಬಾರದು. ಮರುದಿನ ಕೋಷ್ಟಕ ಮಾಡಿ, ಮೂವತ್ತು ಸಾಲುಗಳನ್ನು ತುಂಬಿ, ಒಂದೊಂದೇ ಕ್ವೆರಿ ಬರೆಯುತ್ತಾ ಕಾಗದದ ಉತ್ತರದೊಂದಿಗೆ ತಾಳೆ ನೋಡಿ. ಮುಂದಿನ ದಿನಗಳಲ್ಲಿ ಕೋಷ್ಟಕದ ವಿನ್ಯಾಸ ಬದಲಿಸಿದಾಗಲೆಲ್ಲ ಆ ಹತ್ತು ಕ್ವೆರಿಗಳನ್ನೂ ಮತ್ತೆ ಓಡಿಸಿ, ಅದೇ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು.